ನಿರ್ದೇಶಕರ ಹೆಸರು ನೋಡಿ ಆಲ್ಬಮ್ ಕೊಳ್ಳಿ: ಕಲಬುರಗಿಯ ಪರಸಿ (ಹಾಸುಗಲ್ಲು) ನೆಲದ ಮನೆಗಳಲ್ಲಿ ಕೇಳಲು ಕನ್ನಡ ಚಿತ್ರಸಂಗೀತ

ಹಳೆ ಕನ್ನಡ ಸಿನಿಮಾದ ರೆಕಾರ್ಡ್, ಕ್ಯಾಸೆಟ್ ಹುಡುಕುವವರು ಮೊದಲು ನೋಡುವುದು ಕವರಿನ ಮೇಲಿನ ನಾಯಕನ ಮುಖ. ಆಮೇಲೆ ಹಾಡಿದವರ ಹೆಸರು, ಭಾಳ ಆದರೆ ಸಂಗೀತ ನಿರ್ದೇಶಕರ ಹೆಸರು. ಚಿತ್ರದ ನಿರ್ದೇಶಕರು ಯಾರು ಎಂದು ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಹುಡುಕುವವರು ಕಡಿಮೆ. ಮೊದಲು ಓದಬೇಕಾದದ್ದು ಅದನ್ನೇ ಎಂಬುದು ಈ ವಿಮರ್ಶೆಯ ವಾದ. ಹಾಡು ಕಥೆಯ ಯಾವ ಜಾಗದಲ್ಲಿ ಬರಬೇಕು, ಕವಿತೆ ಬೇಕೋ ಮಾತಿನಂಥ ಸಾಲು ಬೇಕೋ, ಯಾವ ಗಳಿಗೆಯಲ್ಲಿ ವಾದ್ಯಗಳೆಲ್ಲ ಸುಮ್ಮನಿರಬೇಕು ಎಂಬ ತೀರ್ಮಾನಗಳಲ್ಲಿ ನಿರ್ದೇಶಕರ ಕಿವಿ ಕೆಲಸ ಮಾಡಿರುತ್ತದೆ. ಆ ಕಿವಿ ಚೆನ್ನಾಗಿದ್ದರೆ ಆಲ್ಬಮ್ ಇಡಿಯಾಗಿ ಕೇಳಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಒಂದು ಹಾಡು ನಿಲ್ಲುತ್ತದೆ, ಉಳಿದವು ಹೋಗುತ್ತವೆ. ಕೆಳಗೆ ಹೇಳಿರುವ ಆಲ್ಬಮ್‌ಗಳನ್ನು ಆ ಅಳತೆಯಿಂದಲೇ ತೂಗಿದ್ದೇನೆ. ಯಾವುದನ್ನು ಯಾವ ರೂಪದಲ್ಲಿ ಕೊಳ್ಳಬೇಕು, ನಮ್ಮ ಬಿಸಿಲಿನಲ್ಲಿ ಯಾವುದು ಹೇಗೆ ಕೆಡುತ್ತದೆ ಎಂಬುದೂ ಜೊತೆಗಿದೆ.

ಪುಟ್ಟಣ್ಣ ಕಣಗಾಲರಿಂದ ಶುರು ಮಾಡುವುದೇ ಸರಿ. ಕನ್ನಡದಲ್ಲಿ ಅವರ ಮೊದಲ ಚಿತ್ರ ‘ಬೆಳ್ಳಿಮೋಡ’ (1967). ತ್ರಿವೇಣಿಯವರ ಕಾದಂಬರಿ, ವಿಜಯಭಾಸ್ಕರ್ ಸಂಗೀತ. ಬೇಂದ್ರೆಯವರ ‘ಮೂಡಲ ಮನೆಯ’ ಕವಿತೆ ಅದರಲ್ಲಿ ಹಾಡಾಗಿ ಬಂತು. ನಾಲ್ಕು ವರ್ಷದ ಮೇಲೆ, ಮತ್ತೆ ತ್ರಿವೇಣಿಯವರದೇ ಕಾದಂಬರಿಯ ‘ಶರಪಂಜರ’ದಲ್ಲಿ (1971) ‘ಉತ್ತರ ಧ್ರುವದಿಂ ದಕ್ಷಿಣ ಧ್ರುವಕೂ’ ಬಂತು. ಕವಿತೆಯನ್ನು ಸಿನಿಮಾಕ್ಕೆ ತರುವಾಗ ಸಾಮಾನ್ಯವಾಗಿ ಎರಡು ತಪ್ಪು ಆಗುತ್ತವೆ. ಮೊದಲ ಸಾಲನ್ನೇ ಪಲ್ಲವಿ ಮಾಡಿ ಮತ್ತೆ ಮತ್ತೆ ಎಳೆದು ಕವಿತೆಯ ಓಟ ಕೆಡಿಸುವುದು ಒಂದು. ಸಾಲುಗಳ ನಡುವೆ ಪಿಟೀಲು ತುಂಬಿ ಪದಗಳನ್ನೇ ಮುಚ್ಚಿಬಿಡುವುದು ಇನ್ನೊಂದು. ಈ ಎರಡು ಹಾಡುಗಳಲ್ಲಿ ವಿಜಯಭಾಸ್ಕರ್ ಎರಡನ್ನೂ ಮಾಡಿಲ್ಲ. ಬೇಂದ್ರೆಯವರ ಸಾಲಿನೊಳಗಿನ ಲಯವೇ ತಾಳವಾಗಿದೆ, ವಾದ್ಯಗಳು ಅದರ ಹಿಂದೆ ನಡೆಯುತ್ತವೆ. ಸಾಹಿತ್ಯ ಓದಿಕೊಂಡ ನಿರ್ದೇಶಕ ಬೆನ್ನಿಗೆ ಇದ್ದಾಗಷ್ಟೇ ಸಂಗೀತಗಾರನಿಗೆ ಇಂಥ ಧೈರ್ಯ ಬರುತ್ತದೆ.

‘ನಾಗರಹಾವು’ (1972) ಪುಟ್ಟಣ್ಣನವರ ಆಲ್ಬಮ್‌ಗಳಲ್ಲಿ ಎಲ್ಲರಿಗೂ ಗೊತ್ತಿರುವುದು. ಆದರೂ ಅದರಲ್ಲಿ ಒಂದು ಸಂಗತಿಯನ್ನು ಗಮನಿಸದೆ ದಾಟುತ್ತೇವೆ. ರಾಮಾಚಾರಿ ಎಂಬ ಒಂದೇ ಪಾತ್ರಕ್ಕೆ ಇಲ್ಲಿ ಎರಡು ಕಂಠಗಳಿವೆ. ಹುಡುಗನ ಸಿಟ್ಟಿನ ‘ಹಾವಿನ ದ್ವೇಷ’ಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಪ್ರೀತಿಯ ‘ಬಾರೇ ಬಾರೇ’ಗೆ ಪಿ.ಬಿ. ಶ್ರೀನಿವಾಸ್. ಪಾತ್ರಕ್ಕೊಂದೇ ಕಂಠ ಎಂಬ ರೂಢಿಯನ್ನು ಮುರಿದು, ಭಾವಕ್ಕೊಂದು ಕಂಠ ಎಂದು ಹಂಚಿದ ಹಾಗಿದೆ. ನಿಧಾನ ಚಲನೆಯಲ್ಲಿ ಚಿತ್ರಿಸಿದ ‘ಬಾರೇ ಬಾರೇ’ಯ ಲಯವೂ ಪರದೆಯ ಮೇಲಿನ ಆ ನಿಧಾನಕ್ಕೆ ಹೊಂದುವಂತಿದೆ. ‘ಶುಭಮಂಗಳ’ದಲ್ಲಿ (1975) ಈ ಹಂಚಿಕೆ ಇನ್ನೂ ಮುಂದೆ ಹೋಗಿದೆ: ಎಸ್‌ಪಿಬಿ, ವಾಣಿ ಜಯರಾಂ ಜೊತೆಗೆ ನಟ ಆರ್.ಎನ್. ಸುದರ್ಶನ್ ಅವರ ದಪ್ಪ, ಸ್ವಲ್ಪ ಒರಟು ಕಂಠ ‘ಹೂವೊಂದು ಬಳಿ ಬಂದು’ ಹಾಡಿನಲ್ಲಿ. ತಯಾರಾದ ಹಿನ್ನೆಲೆ ಗಾಯಕರೊಬ್ಬರು ಅದನ್ನು ಹಾಡಿದ್ದರೆ ಇನ್ನೂ ನುಣುಪಾಗಿ ಇರುತ್ತಿತ್ತು, ಆದರೆ ಇಷ್ಟು ಹತ್ತಿರ ಬಂದು ಮಾತಾಡಿದಂತೆ ಕೇಳಿಸುತ್ತಿರಲಿಲ್ಲ. ಒಂದೇ ಒಂದು ಪುಟ್ಟಣ್ಣ ಆಲ್ಬಮ್ ಕೊಳ್ಳುವುದಾದರೆ ನನ್ನ ಮತ ‘ಶುಭಮಂಗಳ’ಕ್ಕೆ.

ಸಂಗೀತ ನಿರ್ದೇಶಕರು ಬದಲಾದಾಗಲೂ ಪುಟ್ಟಣ್ಣನವರ ಕಿವಿ ಬದಲಾಗುವುದಿಲ್ಲ ಎಂಬುದಕ್ಕೆ ಎಂ. ರಂಗರಾವ್ ಸಂಗೀತದ ಎರಡು ಚಿತ್ರಗಳಿವೆ. ‘ಎಡಕಲ್ಲು ಗುಡ್ಡದ ಮೇಲೆ’ಯ (1973) ‘ವಿರಹ ನೂರು ನೂರು ತರಹ’ದಲ್ಲಿ ಎಸ್. ಜಾನಕಿಯವರ ಉಸಿರೂ ಹಾಡಿನ ಭಾಗ. ‘ರಂಗನಾಯಕಿ’ಯದು (1981) ನಾಟಕ ಕಂಪನಿಯ ಕಥೆ. ಜಾತ್ರೆಗಳಲ್ಲಿ ಕಂಪನಿ ನಾಟಕ ಬಲ್ಲ ನಮ್ಮ ಭಾಗದವರಿಗೆ ಅದರ ರಂಗಗೀತೆಯ ಧಾಟಿ ಬೇಗ ಹತ್ತುತ್ತದೆ. ‘ಶರಪಂಜರ’ಕ್ಕೆ ಹೋಲಿಸಿದರೆ ಈ ಆಲ್ಬಮ್ ಹೆಚ್ಚು ತುಂಬಿಕೊಂಡಿದೆ, ಕೆಲವು ಕಡೆ ಅತಿ ಅನ್ನಿಸುವಷ್ಟು.

ಈಗ ಕೊಳ್ಳುವ ಮಾತು. ಆ ಕಾಲದ ಕನ್ನಡ ಚಿತ್ರಗೀತೆಗಳು ಹೆಚ್ಚಾಗಿ ಸಿಗುವುದು ಇಪಿಗಳಲ್ಲಿ: 7 ಇಂಚಿನ ತಟ್ಟೆ, 45 ಆರ್‌ಪಿಎಂ, ಪ್ರತಿ ಬದಿಗೆ ಎರಡು ಹಾಡು. ಚಿತ್ರದಲ್ಲಿ ಆರು ಹಾಡಿದ್ದರೆ ಒಂದು ಇಪಿಯಲ್ಲಿ ಎಲ್ಲವೂ ಇರುವುದಿಲ್ಲ. ಹಿಂಬದಿಯ ಪಟ್ಟಿ ಓದದೆ ದುಡ್ಡು ಕೊಡಬೇಡಿ. ಇನ್ನೊಂದು ಸಲಹೆ: ಕವರ್‌ನೊಳಗೆ ಬೇರೆ ಚಿತ್ರದ ತಟ್ಟೆ ಇರುವುದು ಗುಜರಿ ಅಂಗಡಿಗಳಲ್ಲಿ ತೀರಾ ಸಾಮಾನ್ಯ. ಹೊರಗೆ ತೆಗೆದು ಲೇಬಲ್ ಓದಿ.

ತಟ್ಟೆಯನ್ನು ಬಿಸಿಲಿಗೆ ಅಥವಾ ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿಯಿರಿ. ಕಪ್ಪು ಹೊಳಪು ಇದ್ದರೆ ಒಳ್ಳೆಯದು. ಗೀರುಗಳ, ಅಂದರೆ ಸೂಜಿ ಓಡುವ ಕಾಲುವೆಗಳ, ಮೇಲೆ ಬೂದಿ ಬಣ್ಣದ ಮಂಕು ಇದ್ದರೆ ಸವೆದ ಸೂಜಿಯಿಂದ ಭಾರವಾಗಿ ನುಡಿಸಿದ ತಟ್ಟೆ. ಅದನ್ನು ಎಷ್ಟು ತೊಳೆದರೂ ಒಡಕು ದನಿ ಹೋಗುವುದಿಲ್ಲ, ಯಾಕಂದರೆ ಗೀರಿನ ಗೋಡೆಯೇ ಹರಿದುಹೋಗಿರುತ್ತದೆ. ಅಡ್ಡ ಗೆರೆ ಉಗುರಿಗೆ ತಾಗಿದರೆ ಅಲ್ಲಿ ಟಕ್ ಟಕ್ ಬರುವುದು ಖಾತ್ರಿ, ಸೂಜಿ ಹಾರಲೂಬಹುದು. ಉಗುರಿಗೆ ತಾಗದ ಗೆರೆ ಹೆಚ್ಚಾಗಿ ತೊಂದರೆ ಕೊಡುವುದಿಲ್ಲ. ಕೊನೆಗೆ ಅಂಚನ್ನು ಕಣ್ಣಿನ ಮಟ್ಟಕ್ಕೆ ತಂದು ತಿರುಗಿಸಿ, ಸೊಟ್ಟಗಾಗಿದೆಯೇ ನೋಡಿ.

ಸೊಟ್ಟಗಾಗುವುದು ನಮ್ಮ ಕಡೆಯ ದೊಡ್ಡ ರೋಗ. ವಿನೈಲ್ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ ನೆರಳಲ್ಲೇ 42 ದಾಟುತ್ತದೆ. ಬಿಸಿಲಲ್ಲಿ ನಿಲ್ಲಿಸಿದ, ಗಾಜು ಏರಿಸಿದ ಕಾರಿನೊಳಗೆ, ತಗಡಿನ ಮಾಳಿಗೆಯ ಕೆಳಗಿನ ಅಟ್ಟದಲ್ಲಿ ಆ 60 ಬರುವುದು ಕಷ್ಟವೇನಲ್ಲ. ಹೈದರಾಬಾದಿನಿಂದಲೋ ಸೊಲ್ಲಾಪುರದಿಂದಲೋ ತಂದ ತಟ್ಟೆಗಳನ್ನು ಡಿಕ್ಕಿಯಲ್ಲಿಟ್ಟು ಊಟಕ್ಕೆ ಇಳಿದರೆ ಅಷ್ಟೇ ಸಾಕು. ಮನೆಯಲ್ಲಿ ಪಶ್ಚಿಮದ ಗೋಡೆಗೆ ತಾಗಿಸಿ ಇಡಬೇಡಿ, ಸಂಜೆಯ ಝಳವೆಲ್ಲ ಆ ಗೋಡೆಯಲ್ಲೇ ಕೂತಿರುತ್ತದೆ. ಉತ್ತರ ಅಥವಾ ಪೂರ್ವದ ಗೋಡೆಯ ಕೆಳಗಿನ ಗೂಡಿನಲ್ಲಿ, ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಅಡ್ಡ ಪೇರಿಸಿದರೆ ಕೆಳಗಿನವು ಭಾರಕ್ಕೆ ಬಾಗುತ್ತವೆ. ಸೊಟ್ಟಗಾದದ್ದನ್ನು ಎರಡು ಗಾಜಿನ ನಡುವೆ ಇಟ್ಟು ಬಿಸಿಲಿಗೆ ಒಡ್ಡುವ ಉಪಾಯ ಕೆಲವರು ಹೇಳುತ್ತಾರೆ. ತಟ್ಟೆ ಚಪ್ಪಟೆಯಾಗುತ್ತದೆ, ಆದರೆ ಗೀರುಗಳೂ ಕರಗಿ ಚಪ್ಪಟೆಯಾಗುತ್ತವೆ. ದಯವಿಟ್ಟು ಮಾಡಬೇಡಿ. ಸ್ವಲ್ಪ ಬಾಗಿದ್ದರೆ, ಸೂಜಿ ಅದರ ಜೊತೆ ಏರಿಳಿದು ಸಾಗುತ್ತಿದ್ದರೆ, ಹಾಗೆಯೇ ಕೇಳಿ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಕರಾವಳಿಯ ಮನೆಗಳಲ್ಲಿ ಕವರ್‌ಗಳನ್ನೂ ಟೇಪನ್ನೂ ತಿನ್ನುವ ಬೂಷ್ಟು ನಮ್ಮ ಒಣ ಹವೆಯಲ್ಲಿ ಕಡಿಮೆ. ಆದರೆ ಆ ಲಾಭವನ್ನು ಕೂಲರ್ ಕಸಿದುಕೊಳ್ಳುತ್ತದೆ. ನೀರಿನ ಕೂಲರಿನ ಗಾಳಿ ನೇರ ಬೀಸುವ ಕಪಾಟಿನಲ್ಲಿ ಎರಡು ಬೇಸಿಗೆ ಇಟ್ಟ ಕವರ್‌ಗಳ ಅಂಚು ಉಬ್ಬುತ್ತದೆ, ಒಳಗಿನ ಕಾಗದ ತಟ್ಟೆಗೆ ಅಂಟುತ್ತದೆ. ಕಪಾಟು ಆ ಗಾಳಿಯ ದಾರಿ ತಪ್ಪಿಸಿ ಇರಲಿ. ಹಳೆಯ ಕವರ್‌ಗಳನ್ನು ಉಳಿಸಿಕೊಳ್ಳುವುದು ಕೇವಲ ಮಾರಾಟದ ಬೆಲೆಗಾಗಿ ಅಲ್ಲ. ಮುಂಬೈಯಲ್ಲಿ ಸಿನಿಮಾ ಪೋಸ್ಟರ್ ಬರೆದು ಹೆಸರಾದ ಎಸ್.ಎಂ. ಪಂಡಿತ್ ಹುಟ್ಟಿದ ಊರಿನವರು ನಾವು, ಸಿನಿಮಾದ ಚಿತ್ರಕಲೆಯನ್ನು ರದ್ದಿಗೆ ಹಾಕಬಾರದು.

ತೊಳೆಯಲು ಬೋರ್‌ವೆಲ್ ನೀರು ಬೇಡವೇ ಬೇಡ. ನಮ್ಮ ಗಡಸು ನೀರು ಒಣಗಿದ ಮೇಲೆ ಬಿಳಿ ಸುಣ್ಣ ಗೀರಿನೊಳಗೆ ಉಳಿಯುತ್ತದೆ, ಆಮೇಲೆ ಅದೇ ಚಟಪಟ ಸದ್ದು. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ತನ್ನಿ. ಸುಮಾರು 200 ಮಿಲಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ. ಮೆತ್ತನೆಯ ಬಟ್ಟೆಯಿಂದ ಗೀರಿನ ದಿಕ್ಕಿನಲ್ಲೇ ಸುತ್ತ ಒರೆಸಿ, ಲೇಬಲ್ಲಿಗೆ ನೀರು ತಾಗಿಸದೆ, ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಿಂದ ಇನ್ನೊಮ್ಮೆ. ನೆರಳಲ್ಲಿ ನಿಲ್ಲಿಸಿ ಒಣಗಿಸಿ. 78 ಆರ್‌ಪಿಎಂ ತಟ್ಟೆಗಳಿಗೆ ಸ್ಪಿರಿಟ್ ಯಾವತ್ತೂ ಹಾಕಬಾರದು. ಅವು ಅರಗಿನವು, ಸ್ಪಿರಿಟ್ ತಾಗಿದರೆ ಕರಗುತ್ತವೆ. ಅವುಗಳಿಗೆ ಸೂಜಿಯೂ ಬೇರೆ: ಇಪಿ, ಎಲ್‌ಪಿಗಳ ಸೂಜಿಯ ತುದಿ ಸುಮಾರು 18 ಮೈಕ್ರಾನ್, 78ರ ಅಗಲ ಗೀರಿಗೆ ಸುಮಾರು 75 ಮೈಕ್ರಾನ್ ಬೇಕು. ಸಣ್ಣ ಸೂಜಿಯಿಂದ ನುಡಿಸಿದರೆ ಅದು ತಳದ ಧೂಳಿನಲ್ಲಿ ಕೆರೆಯುತ್ತಾ ಹೋಗುತ್ತದೆ.

ಸೂಟ್‌ಕೇಸ್ ಮಾದರಿಯ ಅಗ್ಗದ ಪ್ಲೇಯರ್‌ಗಳ ಬಗ್ಗೆ ಒಂದು ಎಚ್ಚರಿಕೆ. ಅವುಗಳ ಸೆರಾಮಿಕ್ ಕಾರ್ಟ್ರಿಜ್ (ಸೂಜಿ ಹಿಡಿದಿರುವ ಭಾಗ) ತಟ್ಟೆಯ ಮೇಲೆ 5 ಗ್ರಾಂ ಆಸುಪಾಸಿನ ಭಾರ ಹಾಕುತ್ತದೆ. ಭಾರ ಹೊಂದಿಸಲು ಬರುವ, ಮ್ಯಾಗ್ನೆಟಿಕ್ ಕಾರ್ಟ್ರಿಜ್ ಇರುವ ಪ್ಲೇಯರ್‌ನಲ್ಲಿ 1.5ರಿಂದ 2.5 ಗ್ರಾಂ ಸಾಕು. ದಿನಾ ಕೇಳುವ ಇಪಿ ಇದ್ದರೆ ಎರಡನೆಯದಕ್ಕೆ ದುಡ್ಡು ಕೂಡಿಡುವುದು ಮೇಲು. ಕಾರ್ಟ್ರಿಜ್ ಪೆಟ್ಟಿಗೆಯ ಮೇಲೆ ಕಂಪನಿ ಬರೆದ ಭಾರವನ್ನೇ ಇಡಿ. ಕಡಿಮೆ ಇಟ್ಟರೆ ತಟ್ಟೆ ಉಳಿಯುತ್ತದೆ ಎಂಬ ನಂಬಿಕೆ ತಪ್ಪು: ಸೂಜಿ ಗೀರಿನಲ್ಲಿ ಕುಣಿದು ಗೋಡೆಗೆ ಬಡಿಯುತ್ತದೆ, ಹಾನಿ ಹೆಚ್ಚು. 1960-70ರ ಹಾಡುಗಳು ಹೆಚ್ಚಾಗಿ ಮೊನೊ (ಎರಡೂ ಸ್ಪೀಕರಿಗೆ ಒಂದೇ ದನಿ) ಆದ್ದರಿಂದ ಆಂಪ್ಲಿಫೈಯರ್‌ನಲ್ಲಿ ಮೊನೊ ಗುಂಡಿ ಇದ್ದರೆ ಒತ್ತಿ. ಹಾಡು ಹಾಗೇ ಇರುತ್ತದೆ, ಸೂಜಿಯ ಮೇಲೆ-ಕೆಳಗಿನ ಅಲುಗಾಟದಿಂದ ಬರುವ ಚಟಪಟ ಮಾತ್ರ ಗಣನೀಯವಾಗಿ ಇಳಿಯುತ್ತದೆ.

ಟಿ.ಎಸ್. ನಾಗಾಭರಣರ ಆಲ್ಬಮ್‌ಗಳು ನಮ್ಮ ಭಾಗದ ಕೇಳುಗರಿಗೆ ಬೇರೆ ಬಗೆಯ ಪರೀಕ್ಷೆ ಒಡ್ಡುತ್ತವೆ. ‘ಸಂತ ಶಿಶುನಾಳ ಶರೀಫ’ (1990), ಸಿ. ಅಶ್ವಥ್ ಸಂಗೀತ. ಅಶ್ವಥ್ ತಾರಸ್ಥಾಯಿಗೆ ಏರಿದಾಗ ಆ ಕಂಠದಲ್ಲಿ ಒಂದು ಬಿರುಕು ಕೇಳುತ್ತದೆ. ಶರೀಫರ ಪದಗಳಿಗೆ ಆ ಬಿರುಕು ಬೇಕಿತ್ತು. ಆದರೆ ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದಗಳನ್ನು ಏಕತಾರಿ, ದಮ್ಮಡಿ, ತಾಳಗಳೊಂದಿಗೆ ರಾತ್ರಿಯಿಡೀ ಹಾಡುವ ಭಜನಾ ಮೇಳಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಇವೆ. ಅಲ್ಲಿ ಒಬ್ಬರು ಹೇಳಿದ್ದನ್ನು ಮೇಳ ಎತ್ತಿಕೊಳ್ಳುತ್ತದೆ, ಲಯ ನಿಧಾನವಾಗಿ ಏರುತ್ತದೆ, ಪದದ ಅರ್ಥ ಕೇಳುಗರ ಒಳಗೆ ಇಳಿಯಲು ಹೊತ್ತು ಸಿಗುತ್ತದೆ. ಸಿನಿಮಾ ಹಾಡಿಗೆ ಅಷ್ಟು ಹೊತ್ತು ಇಲ್ಲ. ಅದಕ್ಕಾಗಿ ಈ ಆಲ್ಬಮ್‌ನಲ್ಲಿ ವಾದ್ಯ ಕಡಿಮೆ ಇರುವ ಹಾಡುಗಳೇ ಗಟ್ಟಿ. ವಾದ್ಯವೃಂದ ದೊಡ್ಡದಾದಲ್ಲೆಲ್ಲ ತತ್ವಪದ ಭಾವಗೀತೆಯ ಕಡೆ ವಾಲುತ್ತದೆ. ನಾಗಾಭರಣರು ಗುರು-ಶಿಷ್ಯರ ದೃಶ್ಯಗಳ ಒಳಗೇ ಪದಗಳನ್ನು ಹೆಣೆದಿರುವುದರಿಂದ ಮೊದಲು ಸಿನಿಮಾ ನೋಡಿ, ಆಮೇಲೆ ಆಲ್ಬಮ್ ಕೇಳುವುದು ಒಳ್ಳೆಯದು. ಶರೀಫರ ಗುರು ಗೋವಿಂದ ಭಟ್ಟರ ಪಾತ್ರದಲ್ಲಿ ಗಿರೀಶ ಕಾರ್ನಾಡರನ್ನು ನೋಡಿದ ಮೇಲೆ ಹಾಡುಗಳ ನಡುವಿನ ಮೌನಕ್ಕೂ ಅರ್ಥ ಬರುತ್ತದೆ.

ಇದೇ ಜೋಡಿಯ ‘ಮೈಸೂರು ಮಲ್ಲಿಗೆ’ ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗಳನ್ನೇ ಕಥೆಯಾಗಿಸಿದ ಚಿತ್ರ, ಕವಿಗೆ ಗೀತರಚನೆಯ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿತು. ಇಂಪಾದ ಆಲ್ಬಮ್, ಎಲ್ಲೂ ಎಡವುವುದಿಲ್ಲ. ನನಗೆ ಅದಕ್ಕಿಂತ ಹೆಚ್ಚು ಇಷ್ಟ ‘ನಾಗಮಂಡಲ’ (1997). ಕಾರ್ನಾಡರ ನಾಟಕ, ಗೋಪಾಲ ವಾಜಪೇಯಿಯವರ ಹಾಡುಗಳು, ಉತ್ತರ ಕರ್ನಾಟಕದ ಮಾತನ್ನು ತಿದ್ದದೆ ಹಾಗೆಯೇ ಹಾಡಿಸಿದ್ದಾರೆ. ‘ಕಂಬದ ಮ್ಯಾಲಿನ ಗೊಂಬೆಯೆ’ಯನ್ನು ಸಂಗೀತಾ ಕಟ್ಟಿ ಹಾಡಿರುವ ರೀತಿಯಲ್ಲಿ ಹಿಂದೂಸ್ತಾನಿ ತಾಲೀಮು ಕಾಣುತ್ತದೆ, ಆದರೆ ತಾಲೀಮು ಮೆರೆಯುವುದಿಲ್ಲ. ಒಂಟಿ ಹೆಂಗಸು ಕಂಬದ ಬೊಂಬೆಯೊಂದಿಗೆ ಮಾತಾಡುವ ಹಾಡಿಗೆ ಎಷ್ಟು ದನಿ ಬೇಕೋ ಅಷ್ಟೇ. ಕಲಬುರಗಿ, ಯಾದಗಿರಿ, ಬೀದರಿನ ಮನೆಯಲ್ಲಿ ಒಂದೇ ಒಂದು ಕನ್ನಡ ಚಿತ್ರದ ಆಲ್ಬಮ್ ಇರುವುದಾದರೆ ಇದೇ ಇರಲಿ.

ಈಗ ಆಲ್ಬಮ್ಮೇ ಇಲ್ಲದಂಥ ಸಂಗೀತ. ಬಿ.ವಿ. ಕಾರಂತರು ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ (1977) ಕೊಟ್ಟ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಚಿತ್ರಕ್ಕೆ ಅತ್ಯುತ್ತಮ ಚಿತ್ರದ ಸ್ವರ್ಣಕಮಲ. ಗುನುಗಲು ಅಲ್ಲಿ ಹಾಡು ಸಿಗುವುದಿಲ್ಲ. ಕಾಸರವಳ್ಳಿಯವರು ಸದ್ದನ್ನು ಅಳೆದು ಇಡುವ ನಿರ್ದೇಶಕ. ಪಾತ್ರ ಸುಮ್ಮನಾದಾಗ ಸಂಗೀತವೂ ಸುಮ್ಮನಾಗುತ್ತದೆ. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ಕ್ಕೆ (1970) ಸಂಗೀತ ಕೊಟ್ಟವರು ಸರೋದ್ ವಾದಕ ರಾಜೀವ ತಾರಾನಾಥ್. ರಾಯಚೂರಿನಲ್ಲಿ ಶಾಲೆ ಕಟ್ಟಿದ ಪಂಡಿತ ತಾರಾನಾಥರ ಮಗ ಎಂಬ ಕಾರಣಕ್ಕೆ ನಮ್ಮವರೇ ಅನ್ನಬೇಕು. ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಭಾಸ್ಕರ ಚಂದಾವರ್ಕರರದು. ಈ ಸಾಲಿನಲ್ಲಿ ಹಾಡುಗಳಾಗಿಯೂ ಕೇಳಬಹುದಾದದ್ದು ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ (1975). ಎಂ. ಬಾಲಮುರಳೀಕೃಷ್ಣ ಮತ್ತು ಕಾರಂತರ ಸಂಗೀತ, ಗಾಯನಕ್ಕೆ ಬಾಲಮುರಳಿಯವರಿಗೆ ರಾಷ್ಟ್ರಪ್ರಶಸ್ತಿ. ನಮ್ಮ ಕಡೆ ಹಿಂದೂಸ್ತಾನಿಗೆ ಒಗ್ಗಿದ ಕಿವಿಗಳು ಕರ್ನಾಟಕಿ ಗಮಕಕ್ಕೆ ಸ್ವಲ್ಪ ಸಮಯ ಕೊಡಬೇಕು, ಕೊಟ್ಟರೆ ಫಲ ಇದೆ.

ಈ ಚಿತ್ರಗಳನ್ನು ಫೋನಿನ ಸ್ಪೀಕರಿನಲ್ಲಿ, ತಲೆಯ ಮೇಲೆ ಫ್ಯಾನ್ ಐದರಲ್ಲಿ ತಿರುಗುವಾಗ ಕೇಳಿದರೆ ಸಂಗೀತ ಇದೆ ಎಂದೇ ಗೊತ್ತಾಗುವುದಿಲ್ಲ. ಫ್ಯಾನು, ಕೂಲರುಗಳ ಗೊರಗೊರ ಸದ್ದು ತಂಬೂರಿಯ, ದೂರದ ಚಂಡೆಯ ಕೆಳಸ್ವರಗಳನ್ನು ನುಂಗಿಬಿಡುತ್ತದೆ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿ, ಇಲ್ಲವೇ ಬೆಳಗಿನ ಜಾವ ಕೇಳಿ. ಅಂತರ್ಜಾಲದಲ್ಲಿ ಓಡಾಡುವ ಹಳೆ ಪ್ರತಿಗಳಲ್ಲಿ ದನಿ ಸವೆದಿರುತ್ತದೆ, ಅದನ್ನು ಕೇಳಿ ಕಾರಂತರನ್ನು ತೂಗಬೇಡಿ. ‘ಘಟಶ್ರಾದ್ಧ’ದ ಮರುಸ್ಥಾಪಿತ ಪ್ರತಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿದೆ. ನೋಡುವ ಅವಕಾಶ ಸಿಕ್ಕರೆ ಅದನ್ನೇ ಆರಿಸಿ.

ಸ್ಪೀಕರಿನಲ್ಲಿ ಕೇಳುವವರಿಗೆ ನಮ್ಮ ಮನೆಗಳ ಸಮಸ್ಯೆ ನೆಲದಲ್ಲಿದೆ. ಶಹಾಬಾದ್ ಪರಸಿಯ ನೆಲ, ಗಿಲಾವಿನ ಗೋಡೆ, ಕಡಿಮೆ ಸಾಮಾನು. ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ‘ಟ್ರ್‌ರ್’ ಎಂದು ಸದ್ದು ಗೋಡೆಯಿಂದ ಗೋಡೆಗೆ ಓಡಿದರೆ ಜಾನಕಿಯವರ ಶ, ಸ ಅಕ್ಷರಗಳೆಲ್ಲ ಚುಚ್ಚುತ್ತವೆ. ದುಬಾರಿ ಫೋಮ್ ಹಲಗೆ ಬೇಕಿಲ್ಲ. ಸ್ಪೀಕರಿಗೂ ಕೂರುವ ಜಾಗಕ್ಕೂ ನಡುವೆ ದಪ್ಪ ಜಮಖಾನ ಹಾಸಿ. ಸ್ಪೀಕರಿನ ಎದುರು ಗೋಡೆಗೆ, ಅಂದರೆ ಕೂತವರ ಬೆನ್ನ ಹಿಂದೆ, ಅವ್ವ ಹೊಲಿದ ಕೌದಿಯೊಂದನ್ನು ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ತೂಗಿಬಿಡಿ. ಹಿಂದೆ ಗಾಳಿ ಇದ್ದಷ್ಟೂ ಬಟ್ಟೆ ಸದ್ದನ್ನು ಹೆಚ್ಚು ಹೀರುತ್ತದೆ. ಪದರ ಪದರ ಹಳೆ ಸೀರೆಯ ಕೌದಿಗೆ ಈ ಕೆಲಸ ಚೆನ್ನಾಗಿ ಬರುತ್ತದೆ. ಸ್ಪೀಕರ್ ಮೂಲೆಗೆ ಒತ್ತಿ ಇಟ್ಟರೆ ತಬಲಾದ ಬಾಯಾ ಗುಂಯ್ ಎನ್ನುತ್ತದೆ, ಗೋಡೆಯಿಂದ ಒಂದೂವರೆ ಅಡಿಯಾದರೂ ಮುಂದೆ ತನ್ನಿ. ಮೊನೊ ಹಾಡುಗಳಿಗೆ ಒಂದೇ ಒಳ್ಳೆ ಸ್ಪೀಕರ್ ಸಾಕು.

ಅದೇ ಪರಸಿ ಇನ್ನೊಂದು ಕಡೆ ಉಪಕಾರಿ. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲದ ತುಂಡು ಪರಸಿಯನ್ನು ರೆಕಾರ್ಡ್ ಪ್ಲೇಯರಿನ ಕೆಳಗಿಡಿ, ಪರಸಿಯ ನಾಲ್ಕು ಮೂಲೆಗೆ ಹಳೆ ಸೈಕಲ್ ಟ್ಯೂಬಿನ ಮಡಚಿದ ತುಂಡುಗಳು. ಕಲ್ಲಿನ ಭಾರ ಮತ್ತು ರಬ್ಬರಿನ ಮೆತ್ತನೆ ಸೇರಿ ನಡೆದಾಡುವ ಅದುರನ್ನು ಸೂಜಿಗೆ ಬಿಡುವುದಿಲ್ಲ. ಮಟ್ಟಗೋಲು ಇಟ್ಟು ಸಮ ಮಾಡುವುದನ್ನು ಮರೆಯಬೇಡಿ. ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ಓಡಿಸುವುದಾದರೆ ಸೈನ್‌ವೇವ್ ಇನ್ವರ್ಟರ್ ಇರಲಿ. ಸ್ಕ್ವೇರ್‌ವೇವ್ ಮಾದರಿಯಲ್ಲಿ ಹಳೆ ಎಸಿ ಮೋಟಾರು ಗುಂಯ್ಗುಡುತ್ತದೆ, ಆ ಸದ್ದು ಸ್ಪೀಕರಿನಲ್ಲೂ ಬರುತ್ತದೆ.

ಶಂಕರ್ ನಾಗ್ ವಿಷಯ ಚಿಕ್ಕದು, ಯಾಕಂದರೆ ‘ಗೀತಾ’ (1981) ಆಲ್ಬಮ್‌ಗೆ ವಕೀಲರು ಬೇಕಿಲ್ಲ. ಇಳಯರಾಜಾ ಸಂಗೀತ, ಚಿ. ಉದಯಶಂಕರ್ ಸಾಹಿತ್ಯ. ‘ಜೊತೆಯಲಿ ಜೊತೆಜೊತೆಯಲಿ’ಯ ಹಿಂದೆ ಓಡುವ ಬೇಸ್ ಗಿಟಾರ್ ಕೇಳಿ, ಅದೇ ಒಂದು ಬೇರೆ ಹಾಡು. ಫೋನಿನಲ್ಲಿ ಅದು ಸಂಪೂರ್ಣ ಮಾಯ. ದೂರದರ್ಶನದ ‘ಮಾಲ್ಗುಡಿ ಡೇಸ್’ಗೆ ಅವರು ಎಲ್. ವೈದ್ಯನಾಥನ್ ಅವರನ್ನು ಆರಿಸಿದ್ದು, ಆ ಶೀರ್ಷಿಕೆ ಸಂಗೀತ ಇಷ್ಟು ವರ್ಷವಾದರೂ ಬಾಯಲ್ಲಿ ಉಳಿದಿರುವುದು ನಿರ್ದೇಶಕರ ಕಿವಿಗೆ ಸಾಕ್ಷಿ.

ಕ್ಯಾಸೆಟ್ ಯುಗದ ಆಲ್ಬಮ್ ಎಂದರೆ ರವಿಚಂದ್ರನ್ ನಿರ್ದೇಶನದ ‘ಪ್ರೇಮಲೋಕ’ (1987). ಹಂಸಲೇಖ ಸಾಹಿತ್ಯ, ಸಂಗೀತ. ಮಾತು ಎಲ್ಲಿ ಮುಗಿದು ಹಾಡು ಎಲ್ಲಿ ಶುರುವಾಯಿತು ಎಂಬ ಗೆರೆಯನ್ನೇ ಅಳಿಸಿದ ಆಲ್ಬಮ್, ಕ್ಯಾಸೆಟ್ಟಿನ ಎರಡೂ ಬದಿ ಕೇಳಿದರೆ ಕಥೆ ತಿಳಿಯುತ್ತದೆ. ಅದನ್ನು ಒಂದೊಂದೇ ಹಾಡಾಗಿ ಆರಿಸಿ ಕೇಳಿದರೆ ಅರ್ಧ ರುಚಿ ಹೋಯಿತು. ಸಿಂಥಸೈಜರ್ ಸದ್ದುಗಳು ಇಂದಿಗೆ ಹಳತಾಗಿವೆ. ಸಾಲುಗಳ ಚುರುಕು ಹಳತಾಗಿಲ್ಲ. ಸಿನಿಮಾದ ಹೊರಗೆ ಇದೇ ಕ್ಯಾಸೆಟ್ಟು ಮನೆ ಮನೆಗೆ ಒಯ್ದದ್ದು ಭಾವಗೀತೆಗಳನ್ನು. ನಿಸಾರ್ ಅಹಮದ್ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಹಾಕಿದ ‘ನಿತ್ಯೋತ್ಸವ’ (1978) ಆ ದಾರಿ ತೆರೆದ ಕ್ಯಾಸೆಟ್. ಮಲ್ಲಿಕಾರ್ಜುನ ಮನ್ಸೂರ, ಸಿದ್ಧರಾಮ ಜಂಬಲದಿನ್ನಿ ಹಾಡಿದ ವಚನಗಳೂ ಸಿಕ್ಕಲ್ಲಿ ಬಿಡಬೇಡಿ.

ಕ್ಯಾಸೆಟ್ ಕೊಳ್ಳುವಾಗ ಬಾಯಿಯ ನಡುವೆ, ಟೇಪಿನ ಹಿಂದೆ ಇರುವ ಪುಟ್ಟ ಉಣ್ಣೆ ಪ್ಯಾಡ್ ನೋಡಿ. ನಮ್ಮ ಬೇಸಿಗೆಗೆ ಅದರ ಗೋಂದು ಒಣಗಿ ಪ್ಯಾಡ್ ಉದುರುತ್ತದೆ. ಆಗ ಟೇಪು ದನಿ ಓದುವ ಹೆಡ್ಡಿಗೆ ಒತ್ತಿಕೊಳ್ಳದೆ ದನಿ ಕಂಬಳಿ ಹೊದ್ದಂತೆ ಮಂಕಾಗುತ್ತದೆ. ಪ್ಯಾಡ್ ಇರುವ ಬೇರೆ ಕ್ಯಾಸೆಟ್ಟಿನ ಪೆಟ್ಟಿಗೆಗೆ ಟೇಪು ವರ್ಗಾಯಿಸಿದರೆ ಸರಿಹೋಗುತ್ತದೆ. ನಾಲ್ಕೈದು ಸ್ಕ್ರೂ ಇರುವ ಪೆಟ್ಟಿಗೆಗಳಲ್ಲಿ ಈ ಕೆಲಸ ಹತ್ತು ನಿಮಿಷದ್ದು, ಅಂಟಿಸಿ ಮುಚ್ಚಿದ್ದನ್ನು ಬ್ಲೇಡಿನಿಂದ ಬಿಡಿಸಬೇಕು. ಸ್ವಂತ ಧ್ವನಿಮುದ್ರಣಕ್ಕೆ ಸಿ-60 (ಅರವತ್ತು ನಿಮಿಷದ ಕ್ಯಾಸೆಟ್) ಒಳ್ಳೆಯದು, ಟೇಪು ಸುಮಾರು 18 ಮೈಕ್ರಾನ್ ದಪ್ಪ. ಸಿ-120ರದು ಅದರ ಅರ್ಧದಷ್ಟು, ಹಿಗ್ಗುತ್ತದೆ, ರೋಲರಿಗೆ ಸುತ್ತಿಕೊಳ್ಳುತ್ತದೆ. ವರ್ಷಗಟ್ಟಲೆ ಮುಟ್ಟದ ಕ್ಯಾಸೆಟ್ಟನ್ನು ನೇರ ಹಾಕಬೇಡಿ. ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿ ಸಡಿಲಿಸಿ.

ಹಾಡು ಓಡಿದಂತೆಯೋ ಎಳೆದಂತೆಯೋ ಕೇಳಿಸಿದರೆ ತಪ್ಪು ಕ್ಯಾಸೆಟ್ಟಿನದಲ್ಲ, ಹೆಚ್ಚಾಗಿ ಡೆಕ್ಕಿನ ರಬ್ಬರ್ ಬೆಲ್ಟಿನದು. ಶಾಖಕ್ಕೆ ಬೆಲ್ಟ್ ಸಡಿಲಾಗಿ ಡಾಂಬರಿನಂತೆ ಅಂಟುತ್ತದೆ. ಅದೇ ಹಾಡಿನ ಡಿಜಿಟಲ್ ಪ್ರತಿಯ ಜೊತೆ ಶ್ರುತಿ ಹೋಲಿಸಿ: ವೇಗ ಸುಮಾರು ಶೇ. 6 ತಪ್ಪಿದ್ದರೆ ಹಾರ್ಮೋನಿಯಂನಲ್ಲಿ ಒಂದು ಮನೆ ಪಕ್ಕಕ್ಕೆ ಸರಿದಿರುತ್ತದೆ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ ಒರೆಸಿ. ಆಮೇಲೂ ಮಂಕಾಗಿದ್ದರೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು, ಮೊದಲಿನ ಜಾಗ ಗುರುತು ಹಾಕಿಕೊಂಡು, ಕೂದಲೆಳೆಯಷ್ಟು ಆಚೀಚೆ ತಿರುಗಿಸಿ. ತಾಳದ ಝಲ್ ಅತ್ಯಂತ ಸ್ಪಷ್ಟವಾದಲ್ಲಿ ನಿಲ್ಲಿಸಿ.

ಡಿಜಿಟಲ್ ಕಾಲದ ಆಲ್ಬಮ್‌ಗಳಲ್ಲಿ ಯೋಗರಾಜ ಭಟ್ಟರ ‘ಮುಂಗಾರು ಮಳೆ’ (2006), ಮನೋಮೂರ್ತಿ ಸಂಗೀತ, ಜಯಂತ ಕಾಯ್ಕಿಣಿಯವರ ‘ಅನಿಸುತಿದೆ’ಯಿಂದಾಗಿ ಉಳಿಯುತ್ತದೆ. ಪವನ್ ಕುಮಾರ್ ಜನರಿಂದ ದುಡ್ಡು ಸೇರಿಸಿ ಮಾಡಿದ ‘ಲೂಸಿಯಾ’ (2013), ಪೂರ್ಣಚಂದ್ರ ತೇಜಸ್ವಿ ಸಂಗೀತ, ಅದಕ್ಕಿಂತ ಧೈರ್ಯದ್ದು. ಚಿತ್ರದ ಕನಸು-ಎಚ್ಚರಗಳ ಗೊಂದಲ ಹಾಡುಗಳ ಜೋಡಣೆಯಲ್ಲೂ ಇದೆ.

ಹಳೆಯದನ್ನು ಆ್ಯಪ್‌ಗಳಲ್ಲಿ ಕೇಳುವವರು ಮೂರು ಸಂಗತಿ ಪರೀಕ್ಷಿಸಬೇಕು. ಹಾಡಿನ ಹೆಸರಿನ ಪಕ್ಕ ‘ರಿವೈವಲ್’, ‘ಝಂಕಾರ್’ ಎಂದಿದ್ದರೆ ಅದು ಮೇಲಿಂದ ಡ್ರಮ್ ಬಡಿದು ತುಂಬಿದ ಪ್ರತಿ, ಬಿಟ್ಟುಬಿಡಿ. ಒಂದೇ ಹಾಡಿನ ಅವಧಿ ಎರಡು ಕಡೆ ಬೇರೆ ಬೇರೆ ಇದ್ದರೆ ಉದ್ದದ್ದನ್ನು ಆರಿಸಿ, ಮುಂಚಿನ ವಾದ್ಯಭಾಗ ಕತ್ತರಿಸಿರುವ ಪ್ರತಿಗಳು ಬಹಳ. ಸೆಟ್ಟಿಂಗ್‌ನಲ್ಲಿ ಗುಣಮಟ್ಟ ‘ಆಟೊ’ ಇರುತ್ತದೆ, ಹಳ್ಳಿಯ ನೆಟ್‌ವರ್ಕಿನಲ್ಲಿ ಅದು ತಾನೇ ಇಳಿದುಬಿಡುತ್ತದೆ. ವೈಫೈ ಇದ್ದಾಗ 320 ಕೆಬಿಪಿಎಸ್‌ಗೆ ಏರಿಸಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಸ್ವಂತ ಇಪಿ, ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವುದಾದರೆ ಹೆಡ್‌ಫೋನ್ ತೂತಿನಿಂದ ಬೇಡ, ಲೈನ್-ಔಟ್‌ನಿಂದ ತೆಗೆಯಿರಿ. ಅತಿ ಜೋರಿನ ಜಾಗ ಮೈನಸ್ 6 ಡೆಸಿಬೆಲ್ ದಾಟದಂತೆ ಮಟ್ಟ ಇಡಿ. 44.1 ಕಿಲೋಹರ್ಟ್ಸ್, 16 ಬಿಟ್ ಸ್ಟೀರಿಯೊ ವೇವ್ ಕಡತ ನಿಮಿಷಕ್ಕೆ ಸುಮಾರು 10 ಎಂಬಿ, ದನಿ ಕೆಡಿಸದೆ ಕುಗ್ಗಿಸುವ ಫ್ಲ್ಯಾಕ್ ಮಾಡಿದರೆ ಸುಮಾರು ಅರ್ಧ. ಚಟಪಟ ತೆಗೆಯುವ ಫಿಲ್ಟರನ್ನು ಮೂಲ ಕಡತಕ್ಕೆ ಹಾಕಬೇಡಿ, ನಕಲಿಗೆ ಹಾಕಿ. ಅತಿಯಾದರೆ ತಾಳ, ಗೆಜ್ಜೆಗಳ ತುದಿಯನ್ನೂ ಅದು ಸದ್ದೆಂದು ತಿಳಿದು ಕತ್ತರಿಸುತ್ತದೆ. ಕಡತದ ಹೆಸರಿನಲ್ಲಿ ಚಿತ್ರ, ವರ್ಷ, ಸಂಗೀತ ನಿರ್ದೇಶಕರ ಜೊತೆಗೆ ಚಿತ್ರದ ನಿರ್ದೇಶಕರ ಹೆಸರನ್ನೂ ಬರೆಯಿರಿ. ಆ್ಯಪ್‌ಗಳ ಪಟ್ಟಿಯಲ್ಲಿ ಈ ಕೊನೆಯ ಹೆಸರು ಹೆಚ್ಚಾಗಿ ಸಿಗುವುದೇ ಇಲ್ಲ.